ಶಾಂಗೋ ಯಾರು? ಯೊರುಬಾ ಜನರ ಗುಡುಗಿನ ದೊರೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಾಂಗೋನ ಮರದ ಕೊಡಲಿಯನ್ನು ನಾನು ಮೊದಲು ನೋಡಿದ್ದು ಒಂದು ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಲ್ಲಿ. ಮಂಡಿಯೂರಿ ಕುಳಿತ ಹೆಂಗಸು, ಅವಳ ತಲೆ ಮೇಲೆ ಎರಡು ಬಾಯಿಯ ಕೊಡಲಿ. ಕೆಳಗಿನ ಚೀಟಿಯಲ್ಲಿ ಎರಡೇ ಸಾಲು. ಕೊಡಲಿ ಕೈಯಲ್ಲಿರಬೇಕಿತ್ತು, ತಲೆ ಮೇಲೆ ಯಾಕಿದೆ ಅನ್ನುವ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಮೇಲೆ ಸಿಕ್ಕಿದ್ದೆಲ್ಲ ಓದಿದೆ, ಓದಿದ್ದನ್ನು ಗೆಳೆಯರಿಗೆ ಹೇಳಿದೆ, ಅವರು ತಿರುಗಿ ಕೇಳಿದರು. ಆ ಪ್ರಶ್ನೆಗಳೇ ಇವು.

ಶಾಂಗೋ ಅಂದರೆ ಯಾರು?

ಯೊರುಬಾ ಜನರ ಗುಡುಗು, ಸಿಡಿಲು, ಬೆಂಕಿಯ ದೇವರು. ಯೊರುಬಾ ಜನ ಹೆಚ್ಚಾಗಿ ಇರುವುದು ನೈಜೀರಿಯಾದ ನೈರುತ್ಯ ಭಾಗದಲ್ಲಿ. ಪಕ್ಕದ ಬೆನಿನ್ ಮತ್ತು ಟೋಗೋ ದೇಶಗಳಲ್ಲೂ ಇದ್ದಾರೆ. ಅವರ ಧರ್ಮದಲ್ಲಿ ಎಲ್ಲಕ್ಕೂ ಮೇಲೆ ಒಲೊದುಮಾರೆ ಇದ್ದಾನೆ. ಆತನ ಕೆಳಗೆ, ಜನರ ಬದುಕಿಗೆ ಹತ್ತಿರವಾಗಿ ನೂರಾರು ಒರಿಶಾಗಳು, ಅಂದರೆ ದೇವತೆಗಳು, ಇದ್ದಾರೆ. ಶಾಂಗೋ ಅಂಥ ಒಬ್ಬ ಒರಿಶಾ. ಕೋಪ ಜಾಸ್ತಿ, ಕುಣಿತ ಇಷ್ಟ, ಸುಳ್ಳುಗಾರರನ್ನೂ ಕಳ್ಳರನ್ನೂ ಕಂಡರೆ ಆಗುವುದಿಲ್ಲ. ಸಿಡಿಲು ಹೊಡೆದರೆ ಅದು ಸುಮ್ನೆ ಹೊಡೆದದ್ದಲ್ಲ, ನ್ಯಾಯ ಹೇಳಿದ್ದು ಎಂದು ಭಕ್ತರು ನಂಬುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಶಾಂಗೋ ಮೊದಲು ರಾಜ, ಆಮೇಲೆ ದೇವರು. ಅದನ್ನು ಮರೆತರೆ ಅವನ ಕೊಡಲಿಯಾಗಲಿ, ಕಲ್ಲಾಗಲಿ, ಡೋಲಾಗಲಿ ಅರ್ಥವಾಗುವುದಿಲ್ಲ.

ನಿಜವಾಗಿ ಇದ್ದ ರಾಜನಾ?

ಓಯೊ ರಾಜ್ಯದ ಪರಂಪರೆ ಹಾಗೇ ಹೇಳುತ್ತದೆ. ಓಯೊದ ರಾಜನಿಗೆ ಅಲಾಫಿನ್ ಎಂಬ ಬಿರುದು, ಅಂದರೆ ಅರಮನೆಯ ಒಡೆಯ. ರಾಜ್ಯ ಕಟ್ಟಿದವನು ಒರಾನ್ಮಿಯಾನ್. ಅವನ ಮಗ ಅಜಾಕಾ ತುಂಬ ಮೃದು ಸ್ವಭಾವದವನು. ಅವನನ್ನು ಇಳಿಸಿ ತಮ್ಮ ಶಾಂಗೋನನ್ನು ಕೂರಿಸಿದರು. ಶಾಂಗೋನ ತಾಯಿ ನೈಜರ್ ನದಿಯಾಚೆಯ ನುಪೆ ಜನರ ರಾಜಕುಮಾರಿ. ಮಾತಾಡಿದರೆ ಬಾಯಿಂದ ಮೂಗಿನಿಂದ ಹೊಗೆ, ಬೆಂಕಿ ಬರುತ್ತಿತ್ತಂತೆ. ಇಸವಿ ಹಾಕಿ ಹೇಳುವ ಇತಿಹಾಸ ಇದಲ್ಲ. ಆಸ್ಥಾನದ ಹಾಡುಗಾರರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ್ದು.

ಶಾಂಗೋಗಿಂತ ಹಿಂದೆಯೂ ಯೊರುಬಾ ಜನರಿಗೆ ಗುಡುಗಿನ ಒಬ್ಬ ದೇವರಿದ್ದ. ಹೆಸರು ಜಾಕುತಾ, ಅಂದರೆ ಕಲ್ಲಿನಿಂದ ಹೋರಾಡುವವನು. ಕಾಲ ಕಳೆದಂತೆ ಆ ಹಳೆಯ ದೇವರೂ ಈ ರಾಜನೂ ಒಂದಾಗಿಬಿಟ್ಟರು. ಯೊರುಬಾ ಜನರ ಹಳೆಯ ವಾರಕ್ಕೆ ನಾಲ್ಕೇ ದಿನ, ಅದರಲ್ಲಿ ಒಂದರ ಹೆಸರು ಇವತ್ತಿಗೂ ಜಾಕುತಾ. ಅದೇ ಶಾಂಗೋನ ಪೂಜೆಯ ದಿನ.

ರಾಜ ನೇಣು ಹಾಕಿಕೊಂಡ ಅಂತಾರೆ, ಅಲ್ಲ ಅಂತಲೂ ಅಂತಾರೆ. ಯಾವುದು ಸರಿ?

ನನ್ನ ಪಾಲಿಗೆ ಇಡೀ ಕಥೆಯ ಜೀವ ಇಲ್ಲೇ ಇದೆ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕಥೆಗೆ ಎರಡು ದಾರಿಗಳಿವೆ. ಒಂದರಲ್ಲಿ ಶಾಂಗೋಗೆ ಸಿಡಿಲನ್ನು ಕರೆಯುವ ಮದ್ದು ಸಿಗುತ್ತದೆ. ನಿಜಕ್ಕೂ ಕೆಲಸ ಮಾಡುತ್ತದಾ ನೋಡೋಣ ಎಂದು ಅರಮನೆ ಕಾಣುವ ಗುಡ್ಡ ಹತ್ತಿ ಪ್ರಯೋಗ ಮಾಡುತ್ತಾನೆ. ಮೋಡ ಕವಿಯಿತು, ಸಿಡಿಲು ಬಂತು, ಬಂದದ್ದು ನೇರ ಅವನ ಅರಮನೆ ಮೇಲೆ. ಹೆಂಡತಿಯರು, ಮಕ್ಕಳು ಬೆಂಕಿಯಲ್ಲಿ ಹೋದರು. ತನ್ನ ಕೈಯಾರೆ ತನ್ನ ಮನೆ ಸುಟ್ಟ ರಾಜ ಸಿಂಹಾಸನ ಬಿಟ್ಟು ತಾಯಿಯ ತವರಿನ ಕಡೆ ನಡೆದ. ಜೊತೆಗೆ ಹೊರಟವರು ಒಬ್ಬೊಬ್ಬರಾಗಿ ಹಿಂದೆ ಉಳಿದರು. ಕೊನೆಗೆ ಒಬ್ಬನೇ ಆದ. ಆಯಾನ್ ಮರಕ್ಕೆ ನೇಣು ಹಾಕಿಕೊಂಡ.

ಇನ್ನೊಂದರಲ್ಲಿ ಇಬ್ಬರು ದಂಡನಾಯಕರು ಬರುತ್ತಾರೆ, ಟಿಮಿ ಮತ್ತು ಗ್ಬೊಂಕಾ. ಇಬ್ಬರೂ ರಾಜನಿಗಿಂತ ದೊಡ್ಡದಾಗಿ ಬೆಳೆದಿರುತ್ತಾರೆ. ಟಿಮಿಯನ್ನು ದೂರ ಇಡಲು ಎದೆ ಎಂಬ ಊರಿಗೆ ಕಳಿಸುತ್ತಾನೆ ಶಾಂಗೋ, ಅವನನ್ನು ಹಿಡಿದು ತರಲು ಗ್ಬೊಂಕಾನನ್ನು ಕಳಿಸುತ್ತಾನೆ. ಒಬ್ಬರಿಂದ ಒಬ್ಬರು ಮುಗಿಯಲಿ ಎಂಬ ಲೆಕ್ಕ. ಗ್ಬೊಂಕಾ ಗೆದ್ದ, ಗೆದ್ದು ಬಂದು ರಾಜನಿಗೇ ತಿರುಗಿ ನಿಂತ. ಎದೆಯ ಅರಸನನ್ನು ಇಂದಿಗೂ ಟಿಮಿ ಎಂದೇ ಕರೆಯುತ್ತಾರೆ.

ಎರಡೂ ದಾರಿ ಕೊನೆಗೆ ಅದೇ ಮರದ ಕೆಳಗೆ ಬಂದು ಸೇರುತ್ತವೆ.

ಆಮೇಲೆ ಏನಾಯಿತು? ವಿರೋಧಿಗಳು "ಒಬಾ ಸೊ, ಒಬಾ ಸೊ" ಎಂದು ಆಡಿಕೊಂಡರು. ರಾಜ ನೇಣು ಹಾಕಿಕೊಂಡ ಎಂದರ್ಥ. ಶಾಂಗೋನ ಕಡೆಯವರಿಗೆ ಇದು ಸಹಿಸಲಾಗಲಿಲ್ಲ. ಅವರು ಬಾರಿಬಾ ಜನರ ನಾಡಿಗೆ ಹೋಗಿ ಸಿಡಿಲು ಕರೆಯುವ ವಿದ್ಯೆ ಕಲಿತು ಬಂದರು. ಊರಿನಲ್ಲಿ ಮನೆ ಮೇಲೆ ಮನೆ ಉರಿಯತೊಡಗಿತು. ನೋಡಿ, ಅವಮಾನ ಮಾಡಿದ್ದಕ್ಕೆ ರಾಜ ಆಕಾಶದಿಂದ ಸಿಡುಕುತ್ತಿದ್ದಾನೆ ಎಂದರು. ಹೆದರಿದ ಜನ ಮಾತು ತಿರುಗಿಸಿದರು: "ಒಬಾ ಕೊ ಸೊ", ರಾಜ ನೇಣು ಹಾಕಿಕೊಳ್ಳಲಿಲ್ಲ. ಅದೇ ಊರ ಹೆಸರಾಯಿತು, ಕೊಸೊ. ಒಬಾ ಕೊಸೊ ಅಂದರೆ ಕೊಸೊದ ರಾಜ ಎಂದೂ ಆಯಿತು. ಒಂದೇ ಮಾತು, ಒಂದು ಕಿವಿಗೆ ಸಾವಿನ ಸುದ್ದಿಯನ್ನು ಅಲ್ಲಗಳೆಯುತ್ತದೆ, ಇನ್ನೊಂದು ಕಿವಿಗೆ ಬಿರುದಾಗಿ ಕೇಳಿಸುತ್ತದೆ.

ಹಾಗಾಗಿ ಯಾವುದು ಸರಿ ಎಂದು ಕೇಳಿದರೆ, ಭಕ್ತರ ಮುಂದೆ "ಒಬಾ ಕೊ ಸೊ" ಒಂದೇ ಸರಿ. ಓಯೊದ ಹೊಸ ಅಲಾಫಿನ್‌ಗೆ ಕಿರೀಟ ಇಡುವ ಜಾಗವೂ ಕೊಸೊದ ಗುಡಿಯೇ. ಎಡವಿದ ರಾಜನ ಮುಂದೆ ನಿಂತು ಹೊಸ ರಾಜ ಕಿರೀಟ ತೊಡುತ್ತಾನೆ. ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ಎರಡು ಬಾಯಿಯ ಕೊಡಲಿಗೆ ಏನರ್ಥ?

ಅದರ ಹೆಸರು ಒಶೆ. ಮರದಲ್ಲಿ ಕೆತ್ತುತ್ತಾರೆ, ಏನನ್ನೂ ಕಡಿಯುವುದಕ್ಕಲ್ಲ. ಕುಣಿಯುವಾಗ ಭಕ್ತರು, ಪೂಜಾರಿಗಳು ಕೈಯಲ್ಲಿ ಹಿಡಿಯುತ್ತಾರೆ. ಡೋಲಿನ ಗತಿ ಏರಿದಾಗ ಅದನ್ನು ಫಕ್ಕನೆ ಬೀಸುತ್ತಾರೆ, ಮರುಕ್ಷಣ ತಡೆದು ನಿಲ್ಲಿಸುತ್ತಾರೆ. ಮಿಂಚಿನ ಹಾಗೆ.

ಆ ಎರಡು ಅಲಗುಗಳು ಎರಡು ಸಿಡಿಲು ಕಲ್ಲುಗಳ, ಅಂದರೆ ಶಾಂಗೋ ಸಿಡಿಲಿನಲ್ಲಿ ಎಸೆಯುವ ಕಲ್ಲುಗಳ, ಗುರುತು. ಹಿಡಿಯ ಮೇಲೆ ಹೆಚ್ಚಾಗಿ ಒಬ್ಬ ಹೆಂಗಸಿನ ಕೆತ್ತನೆ ಇರುತ್ತದೆ. ನಿಂತಿರಬಹುದು, ಮಂಡಿಯೂರಿರಬಹುದು. ಅವಳು ಶಾಂಗೋ ಅಲ್ಲ, ಶಾಂಗೋನ ಭಕ್ತೆ. ಯೊರುಬಾ ಜನರಿಗೆ ತಲೆ ಅಂದರೆ ಓರಿ. ಮನುಷ್ಯನ ಹಣೆಬರಹ, ಒಳಗಿನ ಸತ್ವ ಎಲ್ಲ ಇರುವ ಜಾಗ. ದೇವರು ಮೈಮೇಲೆ ಬರುವುದೂ ತಲೆಯ ಮೂಲಕವೇ. ಆದ್ದರಿಂದ ಕೊಡಲಿ ಅಲ್ಲಿಂದಲೇ ಮೊಳೆತ ಹಾಗೆ ಮೇಲೆ ಎದ್ದಿದೆ. ಶಾಂಗೋನ ಶಕ್ತಿಯನ್ನು ಅವಳು ಕೈಯಲ್ಲಿ ಹಿಡಿದು ಬೀಸುತ್ತಿಲ್ಲ, ತುಂಬಿದ ಕೊಡ ಹೊತ್ತವಳ ಹಾಗೆ ತಲೆ ಮೇಲೆ ಹೊತ್ತು ಚೆಲ್ಲದಂತೆ ನೋಡಿಕೊಂಡಿದ್ದಾಳೆ. ಅವಳ ಮುಖ ಗಮನಿಸಿ. ಮೇಲೆ ಸಿಡಿಲಿದ್ದರೂ ಮುಖ ಪೂರ್ತಿ ಶಾಂತ. ತನ್ನ ಶಕ್ತಿಯನ್ನು ತಾನೇ ಹಿಡಿದಿಡಲಾರದೆ ಮನೆ ಸುಟ್ಟುಕೊಂಡ ರಾಜನ ಗುರುತು ಇದು ಅನ್ನುವುದನ್ನು ನೆನಪಿಟ್ಟುಕೊಂಡು ನೋಡಿದರೆ ಆ ಶಾಂತಿಯ ಬೆಲೆ ಗೊತ್ತಾಗುತ್ತದೆ. ಮ್ಯೂಸಿಯಂನಲ್ಲಿ ಹುಟ್ಟಿದ ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇದು.

ಸಿಡಿಲು ಕಲ್ಲು ನಿಜವಾಗಿ ಆಕಾಶದಿಂದ ಬೀಳುತ್ತದಾ?

ಭಕ್ತರು ಅದನ್ನು ಎದುನ್ ಅರಾ ಎನ್ನುತ್ತಾರೆ, ಶಾಂಗೋ ಎಸೆದ ಕಲ್ಲು. ಸಿಡಿಲು ಬಿದ್ದ ಜಾಗ ಅಗೆದು ತೆಗೆಯುತ್ತಾರೆ, ಕೆಲವೊಮ್ಮೆ ರೈತರಿಗೆ ಹೊಲದಲ್ಲಿ ಸಿಗುತ್ತದೆ. ನುಣುಪಾದ, ಒಂದು ತುದಿ ಚೂಪಾದ ಕಲ್ಲು.

ಪುರಾತತ್ವದ ಕಣ್ಣಿನಲ್ಲಿ ಇವು ನವಶಿಲಾಯುಗದ ಜನ ಉಜ್ಜಿ ಮಾಡಿದ ಕೊಡಲಿಗಳು. ಜೋರು ಮಳೆಗೆ ಮೇಲಿನ ಮಣ್ಣು ಕೊಚ್ಚಿಹೋಗುತ್ತದೆ, ಹೂತಿದ್ದ ಕಲ್ಲು ಹೊರಗೆ ಕಾಣುತ್ತದೆ. ಗುಡುಗಿದ ಮಾರನೇ ದಿನ ಸಿಕ್ಕಿದ್ದು ಗುಡುಗಿನದ್ದೇ ಅಲ್ವಾ? ಯುರೋಪಿನ ಹಳ್ಳಿಗಳಲ್ಲೂ ಇದೇ ನಂಬಿಕೆ ಇತ್ತು. ಇಂಥ ಕಲ್ಲು ಹೇಗಿರುತ್ತದೆ ಎಂದು ನೋಡಬೇಕಾದರೆ ನಾವು ದೂರ ಹೋಗಬೇಕಿಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದರು. ಅವಕ್ಕೂ ಶಾಂಗೋಗೂ ಸಂಬಂಧವಿಲ್ಲ, ಜಾತಿ ಮಾತ್ರ ಒಂದೇ.

ಆದರೆ "ಓ, ಬರೀ ಹಳೇ ಕಲ್ಲು" ಎಂದು ತಳ್ಳಿಹಾಕುವುದು ನನಗೆ ಇಷ್ಟವಿಲ್ಲ. ಸಾವಿರಾರು ವರ್ಷದ ಹಿಂದೆ ಯಾರೋ ಕೈಯಲ್ಲಿ ಉಜ್ಜಿದ ಕಲ್ಲನ್ನು ಗುಡಿಯಲ್ಲಿಟ್ಟು, ತೊಳೆದು, ಎಣ್ಣೆ ಹಚ್ಚಿ ಕಾಪಾಡುತ್ತಿದ್ದಾರೆ. ಅದಕ್ಕಿಂತ ಹೆಚ್ಚಿನ ಗೌರವ ಆ ಕಲ್ಲಿಗೆ ಬೇರೆಲ್ಲಿ ಸಿಗುತ್ತದೆ?

ಬೇರೆ ಏನೇನು ಗುರುತುಗಳಿವೆ?

ಗುಡಿಯಲ್ಲಿ ಬೋರಲು ಹಾಕಿದ ಒರಳಿನ ಆಕಾರದ ಮರದ ಪೀಠ ಇರುತ್ತದೆ, ಒದೊ ಶಾಂಗೋ. ಸಿಡಿಲು ಕಲ್ಲುಗಳ ಬಟ್ಟಲು ಕೂರುವುದು ಅದರ ಮೇಲೆ. ಪೂಜಾರಿಯ ಹೆಗಲಿಗೆ ಲಾಬಾ ಎಂಬ ಚರ್ಮದ ಚೀಲ, ಅದರ ಮೇಲೆ ಮಿಂಚಿನಂತೆ ಅಂಕುಡೊಂಕಾದ ಚಿತ್ತಾರ. ಕಲ್ಲುಗಳನ್ನು ಹೊತ್ತು ತರುವುದು ಇದರಲ್ಲೇ. ಉದ್ದ ಕುತ್ತಿಗೆಯ ಸೋರೆ ಬುರುಡೆಯ ಗಿಲಕಿಗೆ ಶೆರೆ ಎನ್ನುತ್ತಾರೆ. ಹೊಗಳಿಕೆಯ ಪದ್ಯ ಹೇಳುವಾಗ ಅದನ್ನು ಅಲುಗಿಸುತ್ತಾರೆ, ಮಳೆ ಶುರುವಾದ ಸದ್ದು. ಬಣ್ಣ ಕೆಂಪು ಮತ್ತು ಬಿಳಿ, ಕೊರಳ ಮಣಿಸರವೂ ಅದೇ ಎರಡು ಬಣ್ಣ. ಪ್ರಾಣಿ ಟಗರು. ಎರಡು ಟಗರು ಡಿಕ್ಕಿ ಹೊಡೆಯುವ ಸದ್ದು ಕೇಳಿದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಬಾತಾ ಡೋಲು ಶಾಂಗೋನದ್ದೇನಾ?

ಹೌದು. ಎರಡು ಕಡೆ ಚರ್ಮ, ಒಂದು ಮುಖ ದೊಡ್ಡದು, ಇನ್ನೊಂದು ಚಿಕ್ಕದು. ಕೊರಳಿಗೆ ಅಡ್ಡಡ್ಡ ನೇತುಹಾಕಿಕೊಂಡು ಬಾರಿಸುತ್ತಾರೆ. ಗುಂಪಿನ ದೊಡ್ಡ ಡೋಲಿನ ಹೆಸರು ಇಯಾ ಇಲು, ಅಂದರೆ ತಾಯಿ ಡೋಲು.

ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ರಾಜ ಎನ್ನುವ ಒಬಾ ಬೇರೆ, ಶಾಂಗೋನ ಹೆಂಡತಿ ಒಬಾ ಬೇರೆ. ಕನ್ನಡ ಲಿಪಿಯಲ್ಲಿ ಆ ವ್ಯತ್ಯಾಸ ತೋರಿಸಲಾಗುವುದಿಲ್ಲ, ಬೇಸರ ನನಗೆ. ಏರಿಳಿತವೇ ಮಾತಾದ್ದರಿಂದ ಡೋಲೂ ಮಾತಾಡಬಲ್ಲದು. ದುಂದುನ್ ಎಂಬ ಡೋಲು ಸಲೀಸಾಗಿ ಮಾತಾಡುತ್ತದೆ, ಬಾತಾ ತೊದಲುತ್ತದೆ ಎನ್ನುತ್ತಾರೆ. ಒಂದೊಂದು ಅಕ್ಷರವನ್ನೂ ಒಡೆದು, ಸಿಡಿಸಿ ಹೇಳುತ್ತದೆ. ಕೋಪ ಬಂದ ದೊರೆಯ ಮಾತು ಹಾಗಲ್ಲದೆ ಇನ್ನು ಹೇಗಿರಬೇಕು? ಡೋಲು ಬಾರಿಸುವ ಮನೆತನದವರ ಹೆಸರು ಆಯಾನ್ ಎಂದು ಶುರುವಾಗುತ್ತದೆ.

ಅವನ ಹೆಂಡತಿಯರು ಯಾರು?

ಒಯಾ, ಓಶುನ್, ಒಬಾ. ಮೂವರೂ ನದಿಗಳು. ಒಯಾ ಅಂದರೆ ನೈಜರ್ ನದಿ, ಜೊತೆಗೆ ಬಿರುಗಾಳಿಯೂ ಅವಳೇ. ಮಳೆಗೆ ಮುಂಚೆ ಮರ ಮುರಿಯುವ ಗಾಳಿ ಬರುತ್ತದಲ್ಲ, ಅದು ಒಯಾ, ಗಂಡನಿಗೆ ದಾರಿ ಮಾಡುತ್ತಿದ್ದಾಳೆ. ಒಬಾಳ ಕಥೆ ಕರುಳು ಹಿಂಡುತ್ತದೆ. ಗಂಡನ ಪ್ರೀತಿ ಸಿಗಬೇಕಾದರೆ ನಿನ್ನ ಕಿವಿ ಕೊಯ್ದು ಸಾರಿಗೆ ಹಾಕು ಎಂದು ಓಶುನ್ ನಂಬಿಸುತ್ತಾಳೆ. ಒಬಾ ಹಾಗೇ ಮಾಡುತ್ತಾಳೆ. ಶಾಂಗೋ ಅಸಹ್ಯಪಟ್ಟು ಸಿಡಿದೇಳುತ್ತಾನೆ. ಓಡಿದ ಇಬ್ಬರೂ ನದಿಗಳಾದರು. ಒಬಾ ಮತ್ತು ಓಶುನ್ ನದಿಗಳು ಕೂಡುವಲ್ಲಿ ನೀರು ಈಗಲೂ ಕುದಿಯುತ್ತದೆ, ಜಗಳ ಮುಗಿದಿಲ್ಲ ಎನ್ನುತ್ತಾರೆ.

ಅವಳಿ ಮಕ್ಕಳಿಗೂ ಶಾಂಗೋಗೂ ಏನು ನಂಟು?

ಅವಳಿಗಳನ್ನು ಶಾಂಗೋನ ಮಕ್ಕಳು, ಗುಡುಗಿನ ಮಕ್ಕಳು ಎನ್ನುತ್ತಾರೆ. ಯೊರುಬಾ ಜನರಲ್ಲಿ ಅವಳಿ ಹೆರಿಗೆ ತುಂಬ ಜಾಸ್ತಿ, ಇಗ್ಬೊ ಓರಾ ಎಂಬ ಊರು ಇದಕ್ಕೇ ಹೆಸರುವಾಸಿ. ಅವಳಿಯಲ್ಲಿ ಒಂದು ಮಗು ತೀರಿಕೊಂಡರೆ ಇಬೆಜಿ ಎಂಬ ಪುಟ್ಟ ಮರದ ಗೊಂಬೆ ಮಾಡಿಸಿ, ಅದಕ್ಕೆ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ಉಳಿದ ಮಗುವಿನ ಜೊತೆಗೇ ಸಾಕುತ್ತಿದ್ದರು. ಒಶೆಯ ಎರಡು ಅಲಗಿನಲ್ಲಿ ಅವಳಿಗಳನ್ನು ಕಾಣುವವರೂ ಇದ್ದಾರೆ.

ಗಂಡಸು ಪೂಜಾರಿಗಳು ಹೆಂಗಸರ ಹಾಗೆ ಜಡೆ ಹಾಕುವುದು ಯಾಕೆ?

ದೀಕ್ಷೆ ಪಡೆದವರನ್ನು, ಗಂಡಾಗಲಿ ಹೆಣ್ಣಾಗಲಿ, ಇಯಾವೊ ಎನ್ನುತ್ತಾರೆ. ಆ ಪದಕ್ಕೆ ಹೆಂಡತಿ, ಮದುವಣಗಿತ್ತಿ ಎಂದರ್ಥ. ದೇವರ ಮನೆಗೆ ಬಂದ ಸೊಸೆ. ಹಾಗಾಗಿ ಜಡೆ. ಶಾಂಗೋ ಮೈಮೇಲೆ ಬರುವವನನ್ನು ಎಲೆಗುನ್ ಎನ್ನುತ್ತಾರೆ. ಅವನು ಉಡುವ ಬಟ್ಟೆ ಸೊಂಟದಿಂದ ಪಟ್ಟಿಪಟ್ಟಿಯಾಗಿ ಇಳಿಬಿದ್ದಿರುತ್ತದೆ. ಗಿರ್ರನೆ ತಿರುಗಿದಾಗ ಪಟ್ಟಿಗಳೆಲ್ಲ ಬಿಚ್ಚಿ ಹಾರುತ್ತವೆ. ತುಳುನಾಡಿನ ಭೂತಕೋಲ ನೋಡಿದವರಿಗೆ ದೇವರು ಮನುಷ್ಯನ ಮೈಯಲ್ಲಿ ನಿಂತು ಮಾತಾಡುವುದು ಹೊಸದೇನಲ್ಲ. ಆದರೆ ಎರಡನ್ನೂ ಒಂದೇ ಅನ್ನಬೇಡಿ, ಪ್ರತಿಯೊಂದಕ್ಕೂ ಅದರದ್ದೇ ಕಟ್ಟುಪಾಡು ಇದೆ.

ಮನೆಗೆ ಸಿಡಿಲು ಬಡಿದರೆ ಏನು ಮಾಡುತ್ತಿದ್ದರು?

ಹಿಂದೆ ಮನೆಯವರು ಮುಟ್ಟುವ ಹಾಗಿರಲಿಲ್ಲ. ಮಗ್ಬಾ ಎಂಬ ಹಿರಿಯ ಪೂಜಾರಿ ತನ್ನವರೊಂದಿಗೆ ಬಂದು ಕಲ್ಲು ಹುಡುಕಬೇಕು, ಶಾಂತಿ ಮಾಡಬೇಕು. ಸತ್ತವರಿದ್ದರೆ ಮಣ್ಣು ಮಾಡುವುದೂ ಅವರೇ. ಖರ್ಚೆಲ್ಲ ಮನೆಯವರದ್ದು, ಜೊತೆಗೆ ದಂಡ ಬೇರೆ. ಮನೆ ಸುಟ್ಟವರಿಗೇ ಇಷ್ಟು ಭಾರ ಹೊರಿಸಿದ್ದು ನನಗೆ ಸರಿ ಅನ್ನಿಸುವುದಿಲ್ಲ. ಓಯೊ ಸಾಮ್ರಾಜ್ಯ ಬೆಳೆದಾಗ ಶಾಂಗೋನ ಪೂಜೆ ರಾಜನ ಅಧಿಕಾರದ ಕೈಯೂ ಆಗಿತ್ತು, ಆ ಕೈ ಮನೆಮನೆಗೂ ಚಾಚುತ್ತಿತ್ತು ಅನ್ನುವುದನ್ನು ಮುಚ್ಚಿಡಬಾರದು.

ನೈವೇದ್ಯ ಏನು?

ಒಣಗಿಸಿದ ಯಾಮ್ ಎಂಬ ಗೆಡ್ಡೆಯ ಹಿಟ್ಟಿನಿಂದ ತಿರುವಿದ ಅಮಾಲಾ. ನಮ್ಮ ಮುದ್ದೆಯ ಹಾಗೆಯೇ ಕಾಣುವ ಕಂದು ಬಣ್ಣದ ಅಡುಗೆ. ಬೇರೆ ಒರಿಶಾಗಳಿಗೆ ಕೋಲಾ ಕಾಯಿ ಕೊಡುತ್ತಾರೆ, ಶಾಂಗೋಗೆ ಮಾತ್ರ ಒರೊಗ್ಬೊ ಎಂಬ ಕಹಿ ಕೋಲಾ. ಟಗರಿನ ಬಲಿಯೂ ಉಂಟು.

ಶಾಂಗೋ ಬ್ರೆಜಿಲ್, ಕ್ಯೂಬಾಗೆ ಹೋದದ್ದು ಹೇಗೆ?

ಸರಪಳಿಯಲ್ಲಿ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಓಯೊ ಸಾಮ್ರಾಜ್ಯ ಕುಸಿಯಿತು, ಯುದ್ಧದ ಮೇಲೆ ಯುದ್ಧ. ಸೆರೆ ಸಿಕ್ಕವರನ್ನು ಹಡಗಿಗೆ ತುಂಬಿ ಬ್ರೆಜಿಲ್‌ನ ಬಾಹಿಯಾಗೆ, ಕ್ಯೂಬಾಗೆ ಮಾರಿದರು. ಕೈಯಲ್ಲಿ ಏನೂ ಇರಲಿಲ್ಲ, ತಲೆಯಲ್ಲಿ ದೇವರಿದ್ದ. ಗುಲಾಮಗಿರಿ ಕ್ಯೂಬಾದಲ್ಲಿ ಮುಗಿದದ್ದು 1886ರಲ್ಲಿ, ಬ್ರೆಜಿಲ್‌ನಲ್ಲಿ 1888ರಲ್ಲಿ. ಅಷ್ಟು ವರ್ಷ ಒಡೆಯರ ಕಣ್ಣು ತಪ್ಪಿಸಿ ಡೋಲು ಕಟ್ಟಿದರು, ಹಾಡು ಉಳಿಸಿದರು.

ಬ್ರೆಜಿಲ್‌ನ ಸಾಲ್ವಡಾರ್ ನಗರದಲ್ಲಿ 1910ರಲ್ಲಿ ಮಾಯಿ ಅನಿನ್ಯಾ ಎಂಬ ತಾಯಿ ಶಾಂಗೋಗೆಂದೇ ಒಂದು ಮನೆ ಕಟ್ಟಿದರು, ಇಲೆ ಆಶೆ ಒಪೊ ಅಫೊಂಜಾ. ಅಲ್ಲಿ ಶಾಂಗೋಗೆ ಹನ್ನೆರಡು ಮಂತ್ರಿಗಳಿರುತ್ತಾರೆ. ಕಾದಂಬರಿಕಾರ ಜಾರ್ಜ್ ಅಮಾಡೋಗೂ ಆ ಗೌರವ ಸಿಕ್ಕಿತ್ತು. ಬ್ರೆಜಿಲ್‌ನಲ್ಲಿ ಶಾಂಗೋನ ವಾರ ಬುಧವಾರ. ಅಲ್ಲಿ ಅಮಲಾ ಅಂದರೆ ಬೆಂಡೆಕಾಯಿಯ ಅಡುಗೆ. ರೆಸಿಫೆ ಕಡೆ ಇಡೀ ಧರ್ಮವನ್ನೇ ಶಾಂಗೋ ಎಂದು ಕರೆಯುತ್ತಾರೆ.

ಗಂಡು ದೇವರು ಸಂತ ಬಾರ್ಬರಾ ಆದದ್ದು ಹೇಗೆ?

ಕ್ಯೂಬಾದಲ್ಲಿ ಕ್ಯಾಥೊಲಿಕ್ ಸಂತರನ್ನು ಪೂಜಿಸಲು ಅಡ್ಡಿ ಇರಲಿಲ್ಲ. ಬಾರ್ಬರಾಳ ಚಿತ್ರದಲ್ಲಿ ಕೆಂಪು ಮೇಲುವಸ್ತ್ರ, ಕೈಯಲ್ಲಿ ಕತ್ತಿ. ಅವಳನ್ನು ಕೊಂದ ಅಪ್ಪ ಸಿಡಿಲು ಬಡಿದು ಸತ್ತ ಎಂಬ ಕಥೆ. ಯೊರುಬಾ ಕಣ್ಣಿಗೆ ಇನ್ನೇನು ಬೇಕು? ಡಿಸೆಂಬರ್ 4 ಅವಳ ಹಬ್ಬ, ಆ ದಿನ ಕೆಂಪು ಬಟ್ಟೆ ತೊಟ್ಟು ಶಾಂಗೋನನ್ನು ನೆನೆಯುತ್ತಾರೆ. ಸ್ಪ್ಯಾನಿಷ್‌ನಲ್ಲಿ ಒಂದು ಗಾದೆ ಇದೆ, ಗುಡುಗಿದಾಗ ಮಾತ್ರ ಸಂತ ಬಾರ್ಬರಾ ನೆನಪಾಗುತ್ತಾಳೆ ಅಂತ. ಸಂಕಟ ಬಂದಾಗ ವೆಂಕಟರಮಣ!

ನಮ್ಮ ಇಂದ್ರನಿಗೂ ಶಾಂಗೋಗೂ ಸಂಬಂಧ ಇದೆಯಾ?

ಇಲ್ಲ. ಆಕಾಶ ಎಲ್ಲರ ಮೇಲೂ ಗುಡುಗುತ್ತದೆ, ಅಷ್ಟೇ.

ಗುಡುಗಿದಾಗ ಭಕ್ತರು ಏನನ್ನುತ್ತಾರೆ?

"ಕಾಬಿಯೇಸಿ!" ರಾಜನಿಗೆ ಹೇಳುವ ನಮಸ್ಕಾರ ಇದು. ನಿನ್ನನ್ನು ಪ್ರಶ್ನಿಸುವವರಿಲ್ಲ ಎಂಬ ಅರ್ಥ ಅದರೊಳಗಿದೆ. ಬ್ರೆಜಿಲ್‌ನಲ್ಲಿ ಅದೇ "ಕಾವೊ ಕಾಬೆಸಿಲೆ" ಆಗಿದೆ. ನಮ್ಮಲ್ಲಿ ಅಜ್ಜಿಯರು ಗುಡುಗಿದರೆ "ಅರ್ಜುನ, ಫಲ್ಗುಣ" ಎನ್ನುತ್ತಾರಲ್ಲ, ಹಾಗೆ ಬಾಯಿಗೆ ತಾನಾಗಿ ಬರುತ್ತದೆ.

ಈಗ ನೈಜೀರಿಯಾದಲ್ಲಿ ಶಾಂಗೋನನ್ನು ಎಲ್ಲಿ ನೋಡಬಹುದು?

ಯೊರುಬಾ ಜನರಲ್ಲಿ ಇಂದು ಹೆಚ್ಚಿನವರು ಕ್ರೈಸ್ತರು ಅಥವಾ ಮುಸ್ಲಿಮರು. ಆದರೂ ಪ್ರತಿ ಆಗಸ್ಟ್‌ನಲ್ಲಿ ಓಯೊ ಪಟ್ಟಣದಲ್ಲಿ ಶಾಂಗೋ ಹಬ್ಬ ನಡೆಯುತ್ತದೆ. 2023ರಲ್ಲಿ ಯುನೆಸ್ಕೋ ಅದನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಬ್ರೆಜಿಲ್, ಕ್ಯೂಬಾ, ಟ್ರಿನಿಡಾಡ್‌ಗಳಲ್ಲಿ ಶಾಂಗೋನನ್ನು ಪೂಜಿಸುವವರಿಗೆ ಓಯೊ ಅಂದರೆ ದೇವರ ತವರೂರು.

ಲಾಗೋಸ್‌ಗೆ ಹೋದರೆ ಮರೀನಾ ರಸ್ತೆಯಲ್ಲೂ ಸಿಗುತ್ತಾನೆ. ಅಲ್ಲಿನ ವಿದ್ಯುತ್ ನಿಗಮದ ಕಚೇರಿಗೆಂದು ಶಿಲ್ಪಿ ಬೆನ್ ಎನ್ವೊನ್ವು 1964ರಲ್ಲಿ ಮಾಡಿಕೊಟ್ಟ ಕಂಚಿನ ಶಾಂಗೋ. ಹೊಸ ದೇಶವೊಂದು ಮನೆಮನೆಗೆ ಕರೆಂಟು ಕೊಡಲು ಹೊರಟಾಗ ಬಾಗಿಲಲ್ಲಿ ನಿಲ್ಲಿಸಿದ್ದು ಅವನನ್ನೇ, ಕೈಯಲ್ಲಿ ಕೊಡಲಿಯ ಸಮೇತ.